ಹಿತ್ತಲ ಕೋಳಿ ಮತ್ತು ಮನೆಮಂದಿಯ ಗಾಯಗಳು

ಹೊರನಾಡ ಕನ್ನಡ ಕುಟುಂಬಗಳಲ್ಲಿ ಹಿತ್ತಲ ಕೋಳಿ ಸಾಕಣೆಯಿಂದ ಆಗುವ ಗಾಯಗಳು ಎರಡು ಬಗೆ: ಕೋಳಿ ಮಾಡುವವು, ಕೋಳಿಯ ನೆಪದಲ್ಲಿ ಆಗುವವು. ಮೊದಲನೆಯವು ಸಾಮಾನ್ಯವಾಗಿ ಚಿಕ್ಕವು. ಆಸ್ಪತ್ರೆ ಮೆಟ್ಟಿಲು ಹತ್ತಿಸುವವು ಎರಡನೆಯವು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಎರಡಕ್ಕೂ ಕೋಳಿಯೇ ಹೊಣೆ. ಅಮೆರಿಕದ ವೈದ್ಯಕೀಯ ದಾಖಲೆ ಪದ್ಧತಿ ಈ ವಿಷಯದಲ್ಲಿ ಕೋಳಿಗೆ ಹೆಚ್ಚು ನ್ಯಾಯ ಒದಗಿಸಿದೆ. 2015ರ ಅಕ್ಟೋಬರ್ 1ರಿಂದ ಅಲ್ಲಿ ಬಳಕೆಯಲ್ಲಿರುವ ಐಸಿಡಿ-10-ಸಿಎಂ ಸಂಕೇತಪಟ್ಟಿಯಲ್ಲಿ ಕೋಳಿ ಬಡಿದರೆ ಡಬ್ಲ್ಯು61.32, ಕುಕ್ಕಿದರೆ ಡಬ್ಲ್ಯು61.33, ಇವೆರಡೂ ಅಲ್ಲದೆ ಇನ್ನೇನಾದರೂ ಆದರೆ ಡಬ್ಲ್ಯು61.39. ಗಾಯವಾದದ್ದು ಸ್ವಂತ ಮನೆಯ ಅಂಗಳ ಅಥವಾ ತೋಟದಲ್ಲಿ ಎಂದು ದಾಖಲಿಸಲು ವೈ92.017 ಎಂಬ ಇನ್ನೊಂದು ಸಂಖ್ಯೆ ಇದೆ. ಬಾತು, ಹೆಬ್ಬಾತು, ಟರ್ಕಿ, ಗಿಳಿ ಇವಕ್ಕೂ ಬೇರೆ ಬೇರೆ ಸಂಖ್ಯೆಗಳುಂಟು. ಹಾಲು ಕರೆಯುವಾಗ ಆದ ಗಾಯಕ್ಕೂ ಒಂದಿದೆ. ಊರಿನಿಂದ ಬಂದ ಮಾವನವರ ಮೇಲ್ವಿಚಾರಣೆಯಲ್ಲಿ ಗೂಡು ಕಟ್ಟುವಾಗ ಆದ ಗಾಯಕ್ಕೆ ಇಲ್ಲ.

ಕೋಳಿ ಮನೆಗೆ ಬರುವುದು ಲೆಕ್ಕಾಚಾರದ ಮೂಲಕ. 2022ರಲ್ಲಿ ಅಮೆರಿಕದ ಫಾರಂಗಳಿಗೆ ಹಕ್ಕಿಜ್ವರ ಹೊಕ್ಕ ಮೇಲೆ ಮೊಟ್ಟೆಯ ಬೆಲೆ ಏರುತ್ತ ಇಳಿಯುತ್ತ ಹೋಗಿ, 2025ರ ಮಾರ್ಚ್‌ನಲ್ಲಿ ಡಜನ್ನಿಗೆ ಸರಾಸರಿ 6.23 ಡಾಲರ್ ಮುಟ್ಟಿತು. ಆಗ ಮನೆಯ ಯಜಮಾನ ಎಕ್ಸೆಲ್ ಹಾಳೆ ತೆರೆಯುತ್ತಾನೆ. ಗೂಡು, ಬಲೆ, ಮೇವು, ನೀರಿನ ಪಾತ್ರೆ ಎಲ್ಲವನ್ನೂ ಕೂಡಿಸಿದರೆ ಮೊದಲ ಮೊಟ್ಟೆಯ ಬೆಲೆ ಬೆಳ್ಳಿ ಲೋಟದ ಬೆಲೆಗೆ ಬರುತ್ತದೆ ಎಂಬುದು ಆ ಹಾಳೆಯಲ್ಲಿ ಕಾಣುವುದಿಲ್ಲ, ಏಕೆಂದರೆ ಗೂಡನ್ನು ಅವನು ‘ಒಮ್ಮೆ ಮಾತ್ರ ಮಾಡುವ ಖರ್ಚು’ ಎಂಬ ಬೇರೆ ಹಾಳೆಯಲ್ಲಿ ಬರೆದಿರುತ್ತಾನೆ. ಗಾಯದ ಖರ್ಚು ಯಾವ ಹಾಳೆಯಲ್ಲೂ ಇರುವುದಿಲ್ಲ. ಮೊಟ್ಟೆಯನ್ನೇ ಮುಟ್ಟದ ಮನೆಗಳಲ್ಲೂ ಕೋಳಿ ಇರುವುದುಂಟು. ಅಲ್ಲಿ ಕಾರಣ ‘ಮಕ್ಕಳಿಗೆ ಜವಾಬ್ದಾರಿ ಬರಲಿ’ ಎಂಬುದು. ಮೊಟ್ಟೆ ಪಕ್ಕದ ಮನೆಗೆ ಹೋಗುತ್ತದೆ, ಜವಾಬ್ದಾರಿ ತಾಯಿಗೆ ಬರುತ್ತದೆ.

ಮೊದಲ ಗಾಯ ಮರಿಗಳ ಕಾಲದ್ದು, ಅದು ಸುಟ್ಟಗಾಯ. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ತಾಯಿಕೋಳಿಯ ಬದಲು ಗ್ಯಾರೇಜಿನಲ್ಲಿ 250 ವಾಟಿನ ಕೆಂಪು ದೀಪ ತೂಗುಬಿಡುವುದು ವಾಡಿಕೆ. ಈ ದೀಪ ಕೈ ಸುಡುತ್ತದೆ, ಕ್ಲಿಪ್ಪು ಸಡಿಲವಾಗಿ ಕೆಳಗಿನ ಮರದ ಹೊಟ್ಟಿನ ಮೇಲೆ ಬಿದ್ದರೆ ಗ್ಯಾರೇಜನ್ನೇ ಸುಡುತ್ತದೆ. ಆದ್ದರಿಂದ ಅದನ್ನು ಕ್ಲಿಪ್ಪಿನ ಮೇಲೆ ನಂಬಿಕೆಯಿಟ್ಟು ಬಿಡದೆ ಸರಪಳಿಯಿಂದಲೂ ಬಿಗಿಯಬೇಕು. ರಾತ್ರಿ ಹನ್ನೊಂದಕ್ಕೆ ‘ಪಾಪ, ಚಳಿಯೇನೋ’ ಎಂದು ದೀಪವನ್ನು ಎರಡು ಗೇಣು ಇಳಿಸುವ ಅಜ್ಜಿ, ಹನ್ನೆರಡಕ್ಕೆ ‘ಸೆಖೆಯೇನೋ’ ಎಂದು ಏರಿಸುವ ಅಜ್ಜ, ಇಬ್ಬರ ಬೆರಳಿಗೂ ಬರ್ನಾಲ್ ಬೇಕಾಗುತ್ತದೆ. ಮರಿಗಳಿಗೆ ಏನೂ ಆಗಿರುವುದಿಲ್ಲ. ಚಳಿಯಾದರೆ ಅವು ದೀಪದಡಿ ಗುಂಪು ಕಟ್ಟುತ್ತವೆ, ಸೆಖೆಯಾದರೆ ದೂರ ಸರಿಯುತ್ತವೆ. ನೋಡುವವರಿಗೆ ಅಷ್ಟು ಸಾಕು.

ಇದೇ ಹಂತದಲ್ಲಿ ಗಾಯವಲ್ಲದ ಒಂದು ಅಪಾಯವೂ ಇದೆ. ಮರಿಗಳು ಮುದ್ದಾಗಿರುತ್ತವೆ, ಮಕ್ಕಳು ಮುತ್ತಿಡುತ್ತಾರೆ, ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಹೊಟ್ಟೆ ಸೇರುತ್ತದೆ. ನೋಡಲು ಆರೋಗ್ಯವಾಗಿರುವ ಕೋಳಿಯಲ್ಲೂ ಇದು ಇರಬಹುದು. ಕೋಳಿಗೆ ಮುತ್ತಿಡಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮತ್ತೆ ಮತ್ತೆ ಹೇಳುತ್ತ ಬಂದಿದೆ, ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಂತೂ ಹೆಚ್ಚಾಗಿ. ಮೈಲಿಗೆಯ ಹೆಸರಿನಲ್ಲಿ ಎಲ್ಲರಿಗೂ ಕೈಕಾಲು ತೊಳೆಸಿಯೇ ಒಳಗೆ ಬಿಡುವ ಹಳೆಯ ಕಾಲದ ಅತ್ತೆ ಇರುವ ಮನೆ ಈ ಒಂದು ವಿಷಯದಲ್ಲಿ ಸುರಕ್ಷಿತ.

ಬೆಳೆದ ಕೋಳಿಯ ಮುಖ್ಯ ಆಯುಧ ಕೊಕ್ಕು. ಕೋಳಿಯ ಕಣ್ಣು ತಲೆಯ ಎರಡು ಪಕ್ಕಕ್ಕಿದ್ದು, ತಿರುಗದೆಯೇ ಅದು ಸುಮಾರು 300 ಡಿಗ್ರಿಯಷ್ಟು ಸುತ್ತ ನೋಡಬಲ್ಲದು. ಮನುಷ್ಯರಿಗೆ ಕಾಣದ ನೇರಳಾತೀತ ಬೆಳಕೂ ಅದಕ್ಕೆ ಕಾಣುತ್ತದೆ. ಹೊಳೆಯುವುದು, ಕೆಂಪಗಿರುವುದು, ಕಾಳಿನ ಗಾತ್ರದ್ದು ಯಾವುದನ್ನೂ ಅದು ಪರೀಕ್ಷಿಸದೆ ಬಿಡುವುದಿಲ್ಲ, ಮತ್ತು ಪರೀಕ್ಷಿಸಲು ಅದಕ್ಕಿರುವುದು ಕೊಕ್ಕೊಂದೇ. ಈ ದೃಷ್ಟಿಯಿಂದ ನೋಡಿದರೆ ಕನ್ನಡ ಗೃಹಿಣಿಯಷ್ಟು ಆಕರ್ಷಕ ವಸ್ತು ಅಮೆರಿಕದ ಹಿತ್ತಲಲ್ಲಿ ಇನ್ನೊಂದಿಲ್ಲ. ಮೇಲಿಂದ ಕೆಳಗೆ ಮೂಗುಬೊಟ್ಟು, ಓಲೆ, ಕರಿಮಣಿ, ಉಂಗುರ. ಕೋಳಿ ಕಾಳು ಹೆಕ್ಕುವ ಮಟ್ಟಕ್ಕೆ ಸರಿಯಾಗಿ ಎರಡು ಕಾಲುಂಗುರ. ಕಾಲುಂಗುರದ ಪಕ್ಕದ ಬೆರಳಿನ ಕುಕ್ಕುಗಾಯ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ಗಾಯವೆಂದು ಎಣಿಸುವುದಿಲ್ಲ. ಗಂಡಸರಿಗೆ ಮಚ್ಚೆ ಕುಕ್ಕಿಸಿಕೊಳ್ಳುವ ಯೋಗ. ಕುಕ್ಕಿನಲ್ಲಿ ಮೊದಲು ಹೆದರಬೇಕಾದದ್ದು ಕಣ್ಣಿಗೆ: ಪುಟ್ಟ ಮಕ್ಕಳು ಕುಕ್ಕರಗಾಲಲ್ಲಿ ಕೂತಾಗ ಅವರ ಮುಖ ಕೋಳಿಯ ಮುಖದ ಎತ್ತರಕ್ಕೇ ಬರುತ್ತದೆ.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಕಟ್ಟುನಿಟ್ಟಿನ ಮೇಲುಕೀಳಿನ ಸಾಲು ಇದೆ ಎಂದು ನಾರ್ವೆಯ ತೋರ್ಲೀಫ್ ಶೆಲ್ಡೆರುಪ್-ಎಬ್ಬೆ 1921ರಲ್ಲಿ ವಿವರಿಸಿದರು. ಕೂಡುಕುಟುಂಬದ ಕಿರಿ ಸೊಸೆಯೊಬ್ಬಳನ್ನು ಮಾತಾಡಿಸಿದ್ದರೆ ಅವರ ಕೆಲಸ ಬೇಗ ಮುಗಿಯುತ್ತಿತ್ತು. ಕಾವಿಗೆ ಕೂತ ಹೇಂಟೆ ಮಾತ್ರ ಈ ಸಾಲಿಗೆ ಹೊರತು. ಹುಂಜವಿಲ್ಲದ ಹಿತ್ತಲಲ್ಲಿ ಮರಿಯಾಗುವ ಸಂಭವವೇ ಇಲ್ಲದಿದ್ದರೂ ಅದು ರೆಕ್ಕೆ ಉಬ್ಬಿಸಿ, 21 ದಿನದ ಗಡುವನ್ನೂ ಮೀರಿ ಕೂರುತ್ತದೆ. ಮೊಟ್ಟೆಗೆ ಕೈಹಾಕಿದವರ ಮುಂಗೈ ಹಿಡಿದು ತಿರುಚುತ್ತದೆ. ಒಲೆಯಿಂದ ಬಿಸಿ ಪಾತ್ರೆ ಇಳಿಸುವ ದಪ್ಪ ಕೈಗವಸು ಇಲ್ಲಿ ಚೆನ್ನಾಗಿ ಒದಗುತ್ತದೆ. ಅದನ್ನು ಮತ್ತೆ ಅಡುಗೆಮನೆಗೆ ತರುವವರೆಗೂ ಎಲ್ಲ ಸರಿ.

ಹುಂಜದ ವಿಷಯ ಬೇರೆ. ಅಮೆರಿಕದ ಬಹಳಷ್ಟು ನಗರಗಳಲ್ಲಿ ಹುಂಜ ಸಾಕುವಂತಿಲ್ಲ. ಸಿಯಾಟಲ್ ನಗರ 2010ರಲ್ಲಿ ಮನೆಯೊಂದಕ್ಕೆ ಎಂಟು ಕೋಳಿ ಎಂದು ಮಿತಿ ಹೆಚ್ಚಿಸಿದಾಗಲೇ ಹೊಸ ಹುಂಜಗಳನ್ನು ನಿಷೇಧಿಸಿತು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದು ಜಂಬಪಟ್ಟ ಕಥೆಯ ಅಜ್ಜಿ ಅಲ್ಲಿದ್ದಿದ್ದರೆ, ಬೆಳಗಾಗುವ ಹೊತ್ತಿಗೆ ಪಕ್ಕದ ಮನೆಯವರ ದೂರು ದಾಖಲಾಗಿರುತ್ತಿತ್ತು. ಆದರೂ ಹುಂಜ ಬರುತ್ತದೆ. ಮರಿಯ ಗಂಡು ಹೆಣ್ಣು ಗುರುತಿಸುವವರು ಎಷ್ಟೇ ನುರಿತವರಾದರೂ ಒಂದಷ್ಟು ತಪ್ಪು ಉಳಿಯುತ್ತದೆ, ಮತ್ತು ಮೂರು ನಾಲ್ಕು ತಿಂಗಳಿಗೆ ‘ಲಕ್ಷ್ಮಿ’ ಎಂಬ ಹೆಸರಿನ ಮರಿ ಬೇಲಿಯ ಮೇಲೆ ನಿಂತು ಕೂಗಿಯೇ ಬಿಡುತ್ತದೆ. ಮಕ್ಕಳು ಅದನ್ನು ‘ಲಕ್ಷ್ಮೀಪತಿ’ ಎಂದು ತಿದ್ದಿಕೊಳ್ಳುತ್ತಾರೆ. ಊರಾಚೆಯ ಫಾರಂ ಹುಡುಕುವಷ್ಟರಲ್ಲಿ ಲಕ್ಷ್ಮೀಪತಿ ಇಡೀ ಹಿತ್ತಲನ್ನು ತನ್ನ ಹೆಸರಿಗೆ ಬರೆಸಿಕೊಂಡಿರುತ್ತದೆ.

ಹುಂಜ ಹೊಡೆಯುವುದು ಕಾಲಿನಿಂದ. ಹಾರಿ, ರೆಕ್ಕೆ ಬಡಿದು, ಎರಡು ಕಾಲನ್ನೂ ಮುಂದಕ್ಕೆ ಚಾಚುತ್ತದೆ. ಕಾಲ ಹಿಂಬದಿಯ ಮುಳ್ಳು ವಯಸ್ಸಾದಂತೆ ಉದ್ದವಾಗಿ ಚೂಪಾಗುತ್ತದೆ. ತಳಿಯ ತೂಕವೂ ಮುಖ್ಯ. ನ್ಯೂಜೆರ್ಸಿಯಲ್ಲೇ ಬೆಳೆಸಿದ ಜೆರ್ಸಿ ಜೈಂಟ್ ತಳಿಯ ಹುಂಜ ಆರು ಕಿಲೋ ಹತ್ತಿರ ತೂಗುತ್ತದೆ. ಕರಾವಳಿಯಿಂದ ಬಂದ ಹಿರಿಯರು ಈ ಹಂತದಲ್ಲಿ ಮುಂದೆ ಬರುತ್ತಾರೆ. ಕಾಲಿಗೆ ಬಾಳು, ಅಂದರೆ ಪುಟ್ಟ ಕತ್ತಿ, ಕಟ್ಟಿದ ಅಂಕದ ಕೋಳಿಯನ್ನೇ ಹಿಡಿದವರಿಗೆ ಇದ್ಯಾವ ಲೆಕ್ಕ ಎನ್ನುತ್ತ, ಲುಂಗಿಯನ್ನು ಮೊಣಕಾಲ ಮೇಲಕ್ಕೆ ಮಡಚಿ ಕಟ್ಟಿ ಬಾಗಿಲು ತೆರೆಯುತ್ತಾರೆ. ಅಂಕದ ಕೋಳಿಗೆ ಎದುರಾಳಿ ಇನ್ನೊಂದು ಕೋಳಿ, ಇಲ್ಲಿಯ ಹುಂಜಕ್ಕೆ ಎದುರಾಳಿ ತಾವೇ ಎಂಬುದು ಅವರಿಗೆ ಹೊಳೆಯುವುದು ಮೀನಖಂಡದ ಮೂಲಕ. ಮಡಚಿದ ಲುಂಗಿಯಷ್ಟು ಹುಂಜಕ್ಕೆ ಅನುಕೂಲವಾದ ಉಡುಪು ಬೇರೆಯಿಲ್ಲ.

ಇಲ್ಲಿ ನಗುವನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಆಸ್ಟ್ರೇಲಿಯಾದಲ್ಲಿ ಮೊಟ್ಟೆ ತೆಗೆಯಲು ಹೋದ ಹಿರಿಯ ಮಹಿಳೆಯೊಬ್ಬರ ಕಾಲಿನ ಉಬ್ಬಿದ ರಕ್ತನಾಳಕ್ಕೆ ಹುಂಜ ಕುಕ್ಕಿ, ರಕ್ತ ನಿಲ್ಲದೆ ಅವರು ತೀರಿಕೊಂಡ ಪ್ರಕರಣವನ್ನು ಅಡಿಲೇಡ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ರೋಜರ್ ಬೈಯಾರ್ಡ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಕಾಲಲ್ಲಿ ನರ ಉಬ್ಬಿರುವ ಹಿರಿಯರು ನಮ್ಮಲ್ಲೂ ಮನೆಗೊಬ್ಬರು ಇರುತ್ತಾರೆ. ಅಂಥವರಿಗೆ ರಕ್ತ ಸುರಿದರೆ ಕೂಡಲೇ ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು, ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಅದುಮಿ ಹಿಡಿದು ಸಹಾಯಕ್ಕೆ ಫೋನು ಮಾಡಬೇಕು. ನಡೆಸಿಕೊಂಡು ಒಳಗೆ ಕರೆತರಬಾರದು.

ಇನ್ನು ಕೋಳಿಯ ನೆಪದಲ್ಲಿ ಆಗುವ ಗಾಯಗಳು. ಇವುಗಳಲ್ಲಿ ರಾಜನೆಂದರೆ ಬೀಳುವುದು. ಕೋಳಿಗಳು ಮೈಯ ಹೇನು ಕಳೆಯಲು ಮಣ್ಣಿನಲ್ಲಿ ಹೊರಳಾಡುತ್ತವೆ, ಅದಕ್ಕಾಗಿ ಹುಲ್ಲುಹಾಸಿನ ನಡುವೆ ಪಾದ ಸರಿಯಾಗಿ ಸಿಕ್ಕಿಕೊಳ್ಳುವಷ್ಟು ಗುಂಡಿ ತೋಡುತ್ತವೆ. ಹಿಕ್ಕೆಯ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ, ಗುಂಡಿಯಲ್ಲಿ ಕಾಲು ಉಳುಕುತ್ತದೆ; ಎರಡೂ ಒಟ್ಟಿಗೆ ಆಗುವುದೂ ಉಂಟು. ಚಳಿಗಾಲದಲ್ಲಿ ಕುಡಿಯುವ ನೀರು ಹೆಪ್ಪುಗಟ್ಟುವುದರಿಂದ ಬೆಳಿಗ್ಗೆ ಬಿಸಿನೀರು ಹೊತ್ತು ಮಂಜುಗಡ್ಡೆಯ ಮೇಲೆ ನಡೆಯಬೇಕಾಗುತ್ತದೆ, ಒಂದೇ ಹೆಜ್ಜೆಯಲ್ಲಿ ಬಿದ್ದ ಗಾಯ, ಸುಟ್ಟಗಾಯ ಎರಡೂ ಸಾಧ್ಯ. ಐವತ್ತು ಪೌಂಡಿನ, ಅಂದರೆ 22 ಕಿಲೋ ಮೀರಿದ ಮೇವಿನ ಚೀಲವನ್ನು ಕಾರಿನಿಂದ ಒಬ್ಬನೇ ಎತ್ತುವ ಸಾಫ್ಟ್‌ವೇರ್ ಉದ್ಯೋಗಿಯ ಸೊಂಟದ ಬಗ್ಗೆ ವಿವರಣೆ ಬೇಡ.

ಹಗಲಲ್ಲಿ ತಪ್ಪಿಸಿಕೊಂಡ ಕೋಳಿಯನ್ನು ಅಟ್ಟಿಸಿಕೊಂಡು ಹೋಗುವುದು ಬೀಳಲು ಅತ್ಯಂತ ಖಚಿತವಾದ ದಾರಿ. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಸಂಜೆಯಾದರೆ ತಾನಾಗಿ ಗೂಡು ಸೇರುತ್ತದೆ. ಆಗ ಹಣ್ಣು ಕಿತ್ತಷ್ಟು ಸಲೀಸಾಗಿ ಎತ್ತಿಕೊಳ್ಳಬಹುದು. ಹಾಸನ, ಮಂಡ್ಯದ ಕಡೆಯ ಅಜ್ಜಿಯಂದಿರಿಗೆ ಇದು ಗೊತ್ತು. ಆದರೆ ಅವರನ್ನು ಕೇಳುವುದು ಎಲ್ಲರೂ ಒಂದು ಸುತ್ತು ಬಿದ್ದಾದ ಮೇಲೆ.

ಊಟದ ತಟ್ಟೆ ಹಿಡಿದು ಹಿತ್ತಲಿಗೆ ಹೋಗುವವರ ಕಾಲಿಗೆ ಎಂಟು ಕೋಳಿ ಒಮ್ಮೆಲೇ ತೊಡರುತ್ತವೆ. ಮಿಕ್ಕ ಮೊಸರನ್ನ ಹಾಕಲು ಹೋದ ಅತ್ತೆಗೆ ಬ್ರಿಟನ್ನಿನಲ್ಲಾದರೆ ಕಾಲಿನ ಜೊತೆ ಕಾನೂನೂ ತೊಡರುತ್ತದೆ. ಅಲ್ಲಿ ಅಡುಗೆಮನೆ ದಾಟಿದ ಮಿಕ್ಕ ಆಹಾರವನ್ನು ಸಾಕುಕೋಳಿಗೂ ಹಾಕುವಂತಿಲ್ಲ. ವಿನಾಯಿತಿ ಇರುವುದು ಹಾಲು, ಮೊಸರು, ತುಪ್ಪವನ್ನೂ ಬಿಟ್ಟ ಪೂರ್ಣ ಸಸ್ಯಾಹಾರಿ ಮನೆಗೆ ಮಾತ್ರ. ಏಳು ತಲೆಮಾರಿನಿಂದ ಈರುಳ್ಳಿಯನ್ನೂ ಮುಟ್ಟದ ಮನೆತನಕ್ಕೆ ‘ನಿಮ್ಮದು ಸಾಲದು’ ಎಂದು ಸರ್ಕಾರ ಹೇಳುವುದು ಇದೊಂದೇ ಕಡೆ ಇರಬೇಕು.

ಗೂಡು ಕಟ್ಟುವಾಗಿನ ಗಾಯಗಳಿಗೆ ಕಾರಣ ಸಾಮಗ್ರಿ ಅರ್ಧ, ಮೇಲ್ವಿಚಾರಣೆ ಅರ್ಧ. ಆರು ಮೂಲೆಯ ಕಣ್ಣಿನ ಅಗ್ಗದ ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ರಕೂನನ್ನು ಹೊರಗಿಡುವುದಿಲ್ಲ. ಅದಕ್ಕೆ ಅರ್ಧ ಇಂಚಿನ ಬೆಸುಗೆಯ ಜಾಲರಿಯೇ ಬೇಕು, ಮತ್ತು ಅದನ್ನು ಕತ್ತರಿಸಿದಲ್ಲೆಲ್ಲ ಸೂಜಿಯಂಥ ತುದಿ ಉಳಿಯುತ್ತದೆ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಮಾವ ಕುರ್ಚಿ ಹಾಕಿಸಿಕೊಂಡು ಕೂತು, ಅಳತೆ ತಪ್ಪಿದೆ ಎಂದು ಮೂರು ಸಲ ಬಿಚ್ಚಿಸಿದರೆ ಅಳಿಯನ ಅಂಗೈ ಮೂರು ಸಲ ಕೊಯ್ಯುತ್ತದೆ. ನಾಲ್ಕಡಿ ಎತ್ತರದ ಬಾಗಿಲು ಅವರದೇ ನಕ್ಷೆ. ಅದಕ್ಕೆ ಮೊದಲು ಹಣೆ ಕೊಟ್ಟವರೂ ಅವರೇ ಎಂಬುದು ಮನೆಯಲ್ಲಿ ಬಾಯಿಬಿಟ್ಟು ಆಡದ ಸಮಾಧಾನ.

ಚಿಕಿತ್ಸೆ ಸರಳ, ಒಮ್ಮತ ಕಷ್ಟ. ರಕ್ತ ಸುರಿಯದ ಕುಕ್ಕುಗಾಯ, ಕೊಯ್ದ ಗಾಯ ಯಾವುದೇ ಇರಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಚೆನ್ನಾಗಿ ತೊಳೆಯುವುದು ಮೊದಲ ಕೆಲಸ. ಅರಿಶಿನವೋ ಕಾಫಿಪುಡಿಯೋ ಎಂಬ ಚರ್ಚೆ ಇಲ್ಲೇ ಆರಂಭವಾಗುತ್ತದೆ, ಬೆಂಗಳೂರಿನಿಂದ ವಿಡಿಯೋ ಕರೆಯಲ್ಲಿ ಮೂರನೆಯ ಪಕ್ಷವೂ ಸೇರುತ್ತದೆ. ಎರಡೂ ಬೇಡ. ಧನುರ್ವಾಯುವಿನ ಬ್ಯಾಕ್ಟೀರಿಯ ಮಣ್ಣಿನಲ್ಲೂ ಹಿಕ್ಕೆಯಲ್ಲೂ ಇರುವುದರಿಂದ, ಟಿಟಿ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ, ಕೊಳೆಯಾದ ಗಾಯವಿದ್ದು ಐದು ವರ್ಷ ದಾಟಿದ್ದರೆ ಮತ್ತೊಮ್ಮೆ ಹಾಕಿಸಬೇಕು. ಹುಂಜದ ಮುಳ್ಳಿನ ಗಾಯ ಮೇಲೆ ಬೇಗ ಮುಚ್ಚಿ ಒಳಗೆ ಕೀವಾಗಬಹುದು. ಸಕ್ಕರೆ ಕಾಯಿಲೆಯವರಿಗೆ ಪಾದದ ಗಾಯ ಗೊತ್ತೇ ಆಗದಿರಬಹುದು. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಸಣ್ಣ ಕುಕ್ಕೂ ಸಣ್ಣದಲ್ಲ. ಇಂಥವರನ್ನು ವೈದ್ಯರಿಗೆ ತೋರಿಸಲೇಬೇಕು. ‘ಹೇಗಾಯಿತು?’ ಎಂದು ನರ್ಸ್ ಕೇಳಿದಾಗ ಒಬ್ಬರೇ ಉತ್ತರಿಸುವುದು ಒಳ್ಳೆಯದು.

ಹೇಂಟೆಯ ಮೊಟ್ಟೆ ಎರಡು ಮೂರು ವರ್ಷದ ಮೇಲೆ ಕಡಿಮೆಯಾಗುತ್ತ ಹೋಗುತ್ತದೆ, ಆಯಸ್ಸು ಅದಕ್ಕಿಂತ ಬಹಳ ಹೆಚ್ಚು. ಮಕ್ಕಳು ಹೆಸರಿಟ್ಟ ಕೋಳಿಗೆ ಮಸಾಲೆ ಅರೆಯುವ ಧೈರ್ಯ ಮಂಡ್ಯದವರಿಗೂ ಬರುವುದಿಲ್ಲ. ಹೀಗೆ ಉಳಿದ ಮುದಿ ಕೋಳಿಗಳ ಉಗುರು ಉದ್ದ ಬೆಳೆಯುತ್ತದೆ, ಆಗಾಗ ಕತ್ತರಿಸಬೇಕಾಗುತ್ತದೆ. ಹಳೆಯ ಟವೆಲಿನಲ್ಲಿ ರೆಕ್ಕೆ ಸಮೇತ ಸುತ್ತಿ ಹಿಡಿದರೆ ಕೋಳಿ ಸುಮ್ಮನಿರುತ್ತದೆ. ಹಿಡಿಯುವವರು ಯಾರು, ಕತ್ತರಿಸುವವರು ಯಾರು ಎಂಬುದನ್ನು ಗಂಡ ಹೆಂಡತಿ ಕೋಳಿಯನ್ನು ಎತ್ತಿಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಎತ್ತಿಕೊಂಡ ಮೇಲೆ ಚರ್ಚೆ ಆರಂಭಿಸಿದರೆ ಉಗುರು ತಾಗುವುದು ಮೂರನೆಯವರಿಗೆ, ಸಾಮಾನ್ಯವಾಗಿ ಟವೆಲು ತಂದುಕೊಟ್ಟ ಅತ್ತೆಗೆ.