ಮಗ್ಗದ ಮನೆಯಲ್ಲಿ ಟೆಕ್ನೊ

(ದೊಡ್ಡಬಳ್ಳಾಪುರ. ಶನಿವಾರ ಸಂಜೆ.)

ಅಳಿಯ: ಮಾವ, 500 ರೂಪಾಯಿ ಕೊಡಿ. ಬೆಂಗ್ಳೂರಲ್ಲಿ ಟೆಕ್ನೊ ನೈಟು.

ಮಾವ: ಅಷ್ಟಕ್ಕೇ ಒಳಗೆ ಬಿಡ್ತಾರೇನೋ?

ಅಳಿಯ: ಗೆಸ್ಟ್‌ಲಿಸ್ಟಲ್ಲಿ ಹೆಸ್ರು ಹಾಕ್ಸಿ 9 ಗಂಟೆಯೊಳಗೆ ಹೋದ್ರೆ ಫ್ರೀ. ಡಿಜೆ ಬರೋದು 11ಕ್ಕೆ.

ಮಾವ: ಅಲ್ಲೀವರ್ಗೂ?

ಅಳಿಯ: ನಿಂತಿರೋದು. ಕೂತ್ರೆ ಮೆನು ತಂದಿಡ್ತಾರೆ. ಊಟ ಆಚೆ ಗಾಡೀಲಿ, ಎಗ್‌ರೈಸು. ರಾತ್ರಿ 1ಕ್ಕೆ ಬಾಗ್ಲು ಹಾಕ್ತಾರೆ. ಮೆಟ್ರೊ ಇರಲ್ಲ, ಆಟೊದವ್ರಿಗೆ ಮೀಟರ್ ಅಂದ್ರೆ ನಗು. ಅದಕ್ಕೇ ವಾಯುವಜ್ರ ಹತ್ತಿ ದೇವನಹಳ್ಳಿ ಏರ್‌ಪೋರ್ಟು. ಎಸಿ ಬಸ್ಸಲ್ಲಿ ನಿದ್ದೆ. ಬೆಳಗಿನ ಬಸ್ ಸಿಗೋವರ್ಗೂ ಯಾರನ್ನೋ ಕರ್ಕೊಂಡೋಗೋಕೆ ಬಂದೋನ ಥರ ನಿಂತಿರ್ತೀನಿ.

(ಈ ಹುಡುಗನನ್ನು ಹಣಕಾಸು ಇಲಾಖೆಯವರು ಇನ್ನೂ ನೋಡಿಲ್ಲ.)

ಮಾವ: ರಾತ್ರಿಯೆಲ್ಲ ನಿಲ್ಲೋದೇ ಆಯ್ತಲ್ಲೋ. ಮ್ಯೂಸಿಕ್ ಹೆಂಗಿರುತ್ತೆ?

ಅಳಿಯ: ಹಾಡಿಲ್ಲ, ಮಾತಿಲ್ಲ. ನಿಮಿಷಕ್ಕೆ 130 ಬೀಟು, ಧಬ್ ಧಬ್ ಧಬ್. ಎದೆ ನಡುಗುತ್ತೆ.

ಮಾವ: (ಪವರ್‌ಲೂಮಿನ ಸ್ವಿಚ್ ಒತ್ತಿ) ಲಾಳಿ ಓಡೋದೂ ಹೆಚ್ಚುಕಡಿಮೆ ಅಷ್ಟೇ ಕಣೋ. ಮೂವತ್ತು ವರ್ಷದಿಂದ ಎದೆ ನಡುಗ್ತಿದೆ, ಒಬ್ರೂ ಟಿಕೆಟ್ ತಗೊಂಡಿಲ್ಲ.

ಅಳಿಯ: (ಕಿವಿಗೆ ಬಾಯಿಟ್ಟು) ಲೈಟು ಮಿಣುಕ್ಬೇಕು ಮಾವ!

ಮಾವ: ಇರು, ಏಳು ಗಂಟೆಗೆ ಕರೆಂಟು ಅದನ್ನೇ ಮಾಡುತ್ತೆ. ತಗೋ, 200.

ಅಳಿಯ: ಬಸ್ಸಿಗೇ ಸಾಲಲ್ಲ.

ಮಾವ: ಹಂಗಾದ್ರೆ 11ರವರ್ಗೂ ಇಲ್ಲೇ ನಿಂತ್ಕೋ. ಎಳೆ ಕಿತ್ತೋದ್ರೆ ಗಂಟು ಹಾಕು, ಕೂಲಿ ಕೊಡ್ತೀನಿ.