ಇಂಧನ ಒತ್ತಡ ಮೀಮಾಂಸೆ: ಬೆಳ್ಳೂರು ಕ್ರಾಸ್ ಪಾಠಾಂತರ

ಶಾಸ್ತ್ರಾರಂಭಕ್ಕೆ ಮುನ್ನ ದೇಶನಿರ್ಣಯ. ಇಲ್ಲಿ ಬೆಳ್ಳೂರೆಂದರೆ ಚೆನ್ನಕೇಶವನ ಬೇಲೂರಲ್ಲ. 1918ರಲ್ಲಿ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರು ಹುಟ್ಟಿದ ಕೋಲಾರ ಜಿಲ್ಲೆಯ ಬೆಳ್ಳೂರೂ ಅಲ್ಲ. ಇದು ನಾಗಮಂಗಲ ತಾಲ್ಲೂಕಿನದು. ಇದರ ಕ್ರಾಸಿನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಗೆ ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ರಸ್ತೆ ಬಂದು ಸೇರುತ್ತದೆ. ಧರ್ಮಸ್ಥಳಕ್ಕೆ ಹೊರಟ ಕಾರು ತಿಂಡಿಗೆಂದು ನಿಂತು, ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ವಿದ್ವತ್ಸಭೆ ತಾನಾಗಿ ನೆರೆಯುತ್ತದೆ.

ಸಭೆಯಲ್ಲಿ ಮೂರು ಪಂಥ.

ಪ್ರಾಚೀನರು ಆರ್ದ್ರವಸ್ತ್ರವಾದಿಗಳು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಬೇಸಿಗೆಯಲ್ಲಿ ಪೈಪಿನೊಳಗಿನ ಪೆಟ್ರೋಲು ಆವಿಯಾಗುತ್ತಿತ್ತು. ಪಂಪು ದ್ರವದ ಬದಲು ಬರೀ ಆವಿಯನ್ನು ಎಳೆಯುತ್ತಿತ್ತು. ಒದ್ದೆ ಬಟ್ಟೆ ಸುತ್ತಿದರೆ ಗಾಡಿ ಹೊರಡುತ್ತಿದ್ದುದು ನಿಜ. ಆದರೆ ಈಗಿನ ಪೆಟ್ರೋಲ್ ಕಾರಿನ ಪಂಪು ಟ್ಯಾಂಕಿನೊಳಗೆ ಮುಳುಗಿ ಕೂತಿದೆ. ಬಾನೆಟ್ ಎತ್ತಿ ಹಸಿ ಟವೆಲ್ ಹೊದಿಸಿದರೆ ತಂಪಾಗುವುದು ಯಾವುದು ಎಂಬ ಆಕ್ಷೇಪಕ್ಕೆ ಈ ಪಂಥದವರು ಇದುವರೆಗೆ ಉತ್ತರಿಸಿಲ್ಲ.

ಮಧ್ಯಮರು ತಾಡನವಾದಿಗಳು. ಟ್ಯಾಂಕಿನ ತಳಕ್ಕೆ ಎರಡು ಗುದ್ದು ಹಾಕುವುದೇ ಇವರ ಸಾಧನೆ. ನಗುವಂತಿಲ್ಲ: ಬ್ರಷ್ ಸವೆದು ಹಿಡಿದುಕೊಂಡ ಮೋಟರು ಗುದ್ದಿಗೆ ಬೆದರಿ ಒಮ್ಮೊಮ್ಮೆ ತಿರುಗುತ್ತದೆ. ನಾಗಮಂಗಲದವರೆಗೆ ತಲುಪಿಸಿದರೂ ತಲುಪಿಸೀತು.

ನವೀನರು ಪರಿವರ್ತನವಾದಿಗಳು. “ಪಂಪ್ ಹೋಗೈತೆ ಕಣಣ್ಣ, ಚೇಂಜ್ ಮಾಡ್ಬುಡವಾ” ಎಂಬುದು ಇವರ ಏಕೈಕ ಸೂತ್ರ. ಸಾವಿರಗಟ್ಟಲೆ ರೂಪಾಯಿಯ ಪಂಪು ಕೂತ ಮೇಲೂ ಗಾಡಿ ಹೊರಡದಿದ್ದಾಗ ಫ್ಯೂಜು, ರಿಲೇಗಳ ನೆನಪಾಗುತ್ತದೆ.

ಮೂವರೂ ಮಾಡದ ಕೆಲಸವೊಂದಿದೆ: ಅಳೆಯುವುದು.

ಸಿದ್ಧಾಂತಿಯ ಕ್ರಮವೇ ಬೇರೆ. ಆತ ಮೊದಲು ಸಭೆಯನ್ನು ಸುಮ್ಮನಾಗಿಸುತ್ತಾನೆ. ಶಾಸ್ತ್ರದ ಅತಿ ಕಠಿಣ ಭಾಗ ಇದೇ. ಕೀ ತಿರುಗಿಸಿದೊಡನೆ ಹಿಂದಿನ ಸೀಟಿನಡಿ ಕ್ಷಣಕಾಲ ಗುಂಯ್ ಎನ್ನಬೇಕು. ಅನ್ನದಿದ್ದರೆ ಫ್ಯೂಜು ನೋಡಿ, ಹಾರನ್ನಿನ ರಿಲೇ ಅದೇ ನಮೂನೆಯದಾಗಿದ್ದರೆ ಅದನ್ನು ಪಂಪಿನ ಜಾಗಕ್ಕೆ ಹಾಕುತ್ತಾನೆ. ಗುಂಯ್ ಎಂದರೆ ಒತ್ತಡದ ಗೇಜು ಕಟ್ಟುತ್ತಾನೆ. ಎಷ್ಟೋ ಎಂಪಿಎಫ್‌ಐ ಕಾರುಗಳಲ್ಲಿ ಸುಮಾರು 3 ಬಾರ್ ಸಿಗಬೇಕು. ಆಯಾ ಮಾಡೆಲ್ಲಿನ ಮ್ಯಾನುಯಲ್ಲೇ ಪ್ರಮಾಣಗ್ರಂಥ. ಮುಳ್ಳು ಮೇಲೇರದಿದ್ದರೆ ಫಿಲ್ಟರು ಕಟ್ಟಿರಬಹುದು, ಪಂಪಿಗೆ ಕರೆಂಟು ಸಾಲದಿರಬಹುದು, ಪಂಪೇ ಸೋತಿರಬಹುದು. ಹಳೆಯ ಕಾರಿನ ರಿಟರ್ನ್ ಪೈಪಿನ ರಬ್ಬರನ್ನು ಕ್ಷಣಮಾತ್ರ ಹಿಸುಕಿದಾಗ ಮುಳ್ಳು ಜಿಗಿದರೆ ಪಂಪು ನಿರಪರಾಧಿ, ರೆಗ್ಯುಲೇಟರ್ ಆರೋಪಿ. ಎಂಜಿನ್ ಆಫ್ ಮಾಡಿದ ಕೂಡಲೇ ಒತ್ತಡ ಇಳಿದುಹೋದರೆ ಚೆಕ್ ವಾಲ್ವಿನಲ್ಲೋ ಇಂಜೆಕ್ಟರಿನಲ್ಲೋ ಸೋರಿಕೆಯಿದೆ. ಬೆಳಗ್ಗೆ ದೀರ್ಘ ಸೆಲ್ಫ್ ಪಾರಾಯಣ ಮಾಡಬೇಕಾಗುವುದು ಇಂಥ ಗಾಡಿಯವರೇ.

ಡೀಸೆಲ್ ಕಾಂಡಕ್ಕೆ ಪ್ರತ್ಯೇಕ ನಿಷೇಧವಿದೆ. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ 1,600 ಬಾರ್ ಮುಟ್ಟುವುದುಂಟು. ಕೂದಲೆಳೆಯಷ್ಟು ಸೋರಿಕೆಯೂ ಚರ್ಮ ಸೀಳಿ ಒಳನುಗ್ಗುತ್ತದೆ. ಬೆರಳಿಟ್ಟು ನೋಡುವ ಪ್ರತ್ಯಕ್ಷ ಪ್ರಮಾಣ ಇಲ್ಲಿ ಸಲ್ಲದು. ಬಿ.ಜಿ. ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆ ಸಮೀಪದಲ್ಲೇ ಇದೆ ಎಂಬುದನ್ನು ಪ್ರಯೋಗಕ್ಕೆ ಅನುಮತಿ ಎಂದು ಭಾವಿಸತಕ್ಕದ್ದಲ್ಲ.

ಪೆಟ್ರೋಲ್ ಕಾರಿನ ಪಂಪು ಸೋಲುವ ವ್ಯಾಧಿಯ ಮೂಲ ಬಹಳ ಸಲ ‘ಇನ್ನೂರು ರೂಪಾಯಿ ವ್ರತ’. ಟ್ಯಾಂಕಿನ ಪಂಪು ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದ. ಸದಾ ರಿಸರ್ವಿನಲ್ಲೇ ಓಡಿಸುವ ವ್ರತಸ್ಥರ ಪಂಪು ಕಾದು ಕಾದು ಆಯುಷ್ಯ ಕಳೆದುಕೊಳ್ಳುತ್ತದೆ. ಜೊತೆಗೆ ಈಗ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಮಂಡ್ಯದ ಕಬ್ಬು ಗಾಣ ಬಿಟ್ಟು ಟ್ಯಾಂಕಿಗೂ ಬಂದಂತಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೆ ಹೊಂದದ ಹಳೆಯ ಗಾಡಿಗಳ ರಬ್ಬರನ್ನೂ ಕೆಡಿಸುತ್ತದೆ.

ಇನ್ನು ರಿಪೇರಿ ವಿಧಿ. ಪೆಟ್ರೋಲ್ ಗಾಡಿ ಸ್ಟಾರ್ಟ್ ಆಗುವಂತಿದ್ದರೆ, ಓಡುವಾಗಲೇ ಪಂಪಿನ ಫ್ಯೂಜು ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಟ್ಟು ಒತ್ತಡ ಇಳಿಸಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಪೈಪಿಗೆ ಕೈ ಹಾಕುವ ಮುನ್ನ ಬೀಡಿ ಸೇದುವ ಸಭಾಸದರನ್ನೆಲ್ಲ ಹೆದ್ದಾರಿಯ ಆಚೆ ಬದಿಗೆ ಕಳಿಸಬೇಕು; ಸಲಹೆ ಅಲ್ಲಿಂದಲೂ ಸ್ಪಷ್ಟವಾಗಿ ಕೇಳಿಸುತ್ತದೆ.