ಬಾಲ್ಕನಿಗೊಂದು ಕೆರೆ

ಬೆಂಗಳೂರಲ್ಲಿ ಈಗ ಫ್ಲ್ಯಾಟ್ ಮಾರೋರು ಮೊದಲು ಅಡುಗೆಮನೆ ತೋರಿಸೋದಿಲ್ಲ, ಸೀದಾ ಬಾಲ್ಕನಿಗೆ ಕರ್ಕೊಂಡು ಹೋಗ್ತಾರೆ. ‘ಲೇಕ್ ವ್ಯೂ’ ಇದ್ದರೆ ಚದರಡಿಗೆ ಇಂತಿಷ್ಟು ಜಾಸ್ತಿ. ಕೆರೆ ಕಟ್ಟಿಸಿದ ಪುಣ್ಯಾತ್ಮ ಯಾವ ಕಾಲದವನೋ, ಅದನ್ನ ನೋಡೋದಕ್ಕೆ ಮಾತ್ರ ದುಡ್ಡು ಬಿಲ್ಡರಿಗೆ! ಹೋಗ್ಲಿ ಬಿಡಿ, ವ್ಯಾಪಾರ ಅಂದಮೇಲೆ ಅದೆಲ್ಲ ಇದ್ದದ್ದೇ. ನನಗೆ ತಮಾಷೆ ಅನಿಸೋದು ಆಮೇಲಿನ ಕಥೆ. ಸಾಲ ಮಾಡಿ ನೋಟ ಕೊಂಡವರು ಒಂದು ಬೇಸಿಗೆ ಕಳೆಯೋದರೊಳಗೆ ಸೊಳ್ಳೆ ಪರದೆ ಹೊಡೆಸ್ತಾರೆ, ಇನ್ನೊಂದು ಬೇಸಿಗೆಗೆ ವಾಸನೆ ಅಂತ ಗಾಜಿನ ಬಾಗಿಲು ಎಳ್ಕೋತಾರೆ. ಕೊನೆಗೆ ಕೆರೆ ಕಡೆ ಬೆನ್ನು ಹಾಕಿ, ಟೀವಿಯಲ್ಲಿ ಸ್ವಿಟ್ಜರ್ಲೆಂಡಿನ ಸರೋವರ ನೋಡ್ತಾ ಕೂತ್ಕೋತಾರೆ. ನೀವೂ ನೋಡಿರ್ತೀರಿ, ಅಲ್ವಾ?

ಆ ವಾಸನೆ ಎಲ್ಲಿಂದ ಬಂತು ಅಂತ ಕೇಳಿ ನೋಡಿ. ಈ ದಡದವರು ಆ ದಡಕ್ಕೆ ಬೆರಳು ತೋರಿಸ್ತಾರೆ, ಆ ದಡದವರು ಈ ದಡಕ್ಕೆ. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ ಅಂತ ಗಾದೆ ಕಟ್ಟಿದವರ ಮನಸ್ಸಲ್ಲಿ ಇನ್ನೇನೋ ಇತ್ತು. ನಮ್ಮ ಕಾಲಕ್ಕೆ ಊರಿಗೆ ಬಂದದ್ದೆಲ್ಲ, ಬಟ್ಟೆ ಸೋಪಿನ ಪುಡಿ, ಶಾಂಪೂ, ಬಚ್ಚಲು, ಪಾಯಿಖಾನೆ ಸಮೇತ, ನೀರಿಗೇ ಬಂದು ಸೇರುತ್ತೆ. ನೊರೆ ಎಬ್ಬಿಸೋದು ಡಿಟರ್ಜೆಂಟು, ಅಂತರಗಂಗೆ ಹಬ್ಬಿಸೋದು ಕೊಳಚೆಯಲ್ಲಿರೋ ರಂಜಕ, ಸಾರಜನಕ. ವರ್ತೂರು ಕೋಡಿ ಹತ್ತಿರ ಸ್ಕೂಟರಿನವರು ನೊರೆಯೊಳಗೆ ಹೊಕ್ಕು ಆಚೆ ಬರ್ತಿದ್ದ ಕಾಲ ಮರೆತಿಲ್ಲ ತಾನೆ? 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿತು. 2017ರಲ್ಲಿ ಕೆರೆಗೆ ಮತ್ತೆ ಬೆಂಕಿ. 2018ರ ಜನವರಿಯಲ್ಲಂತೂ ಆರಿಸೋದಕ್ಕೆ ಸೈನಿಕರೇ ಇಳಿಯಬೇಕಾಯ್ತು. ಬೆಂಕಿ ಬಿದ್ದರೆ ನೀರು ಹಾಕಬಹುದು, ನೀರಿಗೇ ಬೆಂಕಿ ಬಿದ್ದರೆ ಏನಪ್ಪಾ ಹಾಕೋದು ಅಂತ ನಮ್ಮ ಎದುರುಮನೆ ಅಜ್ಜಿ ಆವತ್ತು ಕೇಳಿದ್ದರು. ಯಾರೂ ಬಾಯಿ ಬಿಡಲಿಲ್ಲ.

ಅಜ್ಜಿ ಅಂದಾಗ ನಮ್ಮ ತಾಯಿಯ ತವರೂರಿನ ನೀರುಗಂಟಿ ನೆನಪಾಗ್ತಾನೆ. ತೂಬು ಎತ್ತೋದು, ಇಳಿಸೋದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡೋದು ಅವನ ಕೆಲಸ. ಸುಗ್ಗಿಯಲ್ಲಿ ಮನೆಮನೆಯಿಂದ ಇಷ್ಟಿಷ್ಟು ಭತ್ತ, ಅದೇ ಸಂಬಳ. ಗೌಡರ ಗದ್ದೆಗೂ ಅಷ್ಟೇ ನೀರು, ಬಡವನ ಗದ್ದೆಗೂ ಅಷ್ಟೇ ಅನ್ನೋ ಗತ್ತು ಬೇರೆ. ಆದರೆ ಅವನದ್ದೊಂದು ವಿಚಿತ್ರ ಇತ್ತು ಕಣ್ರೀ. ಏರಿ ಮೇಲೆ ನಿಂತು ಕೆರೆ ನೋಡ್ತಾ ಇದ್ದದ್ದನ್ನ ನಾವು ಮಕ್ಕಳು ಕಂಡೇ ಇಲ್ಲ. ಮುಂಗಾರು ಶುರುವಾಗೋ ಮುಂಚೆ ಗುದ್ದಲಿ ಹೆಗಲಿಗೇರಿಸಿ ಮೇಲುಗಡೆಯ ಹಳ್ಳಗಾಲುವೆ ಹಿಡಿದು ಹೋಗಿಬಿಡ್ತಿದ್ದ. ಬಿದ್ದ ಕೊಂಬೆ ಎಳೆದು ಹಾಕೋದು, ಕಟ್ಟಿಕೊಂಡ ಹೂಳು ಬಿಡಿಸೋದು, ಯಾರಾದರೂ ಕಾಲುವೆಗೆ ಬದು ಒತ್ತಿದ್ದರೆ ಅವರ ಹಿರೀಕರನ್ನೆಲ್ಲ ಎಬ್ಬಿಸಿ ಬೈಯೋದು. “ಕೆರೆ ಎಲ್ಲಿಗೂ ಓಡಿಹೋಗಲ್ಲ, ಬರೋ ದಾರಿ ನೋಡ್ಕೋಬೇಕು” ಅನ್ನೋನು. ಯಾವ ಕಾಲೇಜಿನ ಮೆಟ್ಟಿಲೂ ಹತ್ತದವನ ಮಾತು.

ನಮ್ಮವರ ಎಡವಟ್ಟು ಇರೋದೇ ಅಲ್ಲಿ. ದುಡ್ಡು ಕೊಟ್ಟಿದ್ದು ನೋಟಕ್ಕಲ್ವಾ, ಹಾಗಾಗಿ ಕಣ್ಣೆಲ್ಲ ಕೆರೆ ಮೇಲೆ. ಹಿಂದುಗಡೆ ಕಾಂಪೌಂಡ್ ಆಚೆ ಹರಿಯೋ ರಾಜಕಾಲುವೆ ಯಾವ ಬಾಲ್ಕನಿಗೂ ಕಾಣಲ್ಲ. ಇಲ್ಲಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯೋ ಹಾಗೆ ಸರಪಳಿಯಾಗಿ ಕಟ್ಟಿದಂಥವು. ನಡುವಿನ ಒಂದು ಕೊಂಡಿ ಮುಚ್ಚಿದರೆ ಮಳೆರಾಯ ತನ್ನ ಹಳೇ ವಿಳಾಸ ಹುಡುಕ್ಕೊಂಡು ಯಾರ ಮನೆಗಾದರೂ ನುಗ್ತಾನೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಪೇಪರಿನಲ್ಲೆಲ್ಲ ಫೋಟೋ ಬಂದಿತ್ತು. ಹಾಗಂತ ಅವರನ್ನ ನೋಡಿ ನಾವು ನಗೋ ಹಾಗಿಲ್ಲ ಬಿಡಿ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯೋರೆಲ್ಲ ಧರ್ಮಾಂಬುಧಿ ಕೆರೆಯೊಳಗೇ ನಿಂತಿರೋದು. ಕಂಠೀರವ ಸ್ಟೇಡಿಯಂನಲ್ಲಿ ಓಡೋರು ಸಂಪಂಗಿ ಕೆರೆಯಲ್ಲಿ ಓಡೋದು. ಕೆರೆ ನುಂಗಿ ನೀರು ಕುಡಿಯೋದರಲ್ಲಿ ನಮ್ಮೂರು ಹಳೇ ಕೈ.

ಹಾಗಂತ ಎಲ್ಲರೂ ಕೈ ಕಟ್ಟಿ ಕೂತಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ನೋಡಿ, ಹದಿಮೂರು ಎಕರೆ ಆಸುಪಾಸಿನ ಪುಟ್ಟ ಕೆರೆ. ಒಣಗಿ, ಕಸ ಸುರಿಯೋ ಜಾಗ ಆಗ್ತಿತ್ತು. ಅಲ್ಲೇ ವಾಸವಿದ್ದ ಲೇಖಕಿ ಉಷಾ ರಾಜಗೋಪಾಲನ್ ಮತ್ತವರ ನೆರೆಹೊರೆಯವರು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು, 2011ರಲ್ಲಿ ಬಿಬಿಎಂಪಿ ಜೊತೆ ಕಾಗದದ ಮೇಲೆ ಒಪ್ಪಂದ ಮಾಡಿಕೊಂಡು ಉಸ್ತುವಾರಿ ವಹಿಸಿಕೊಂಡರು. ಹೂಳೆತ್ತಿಸಿ, ಗಿಡ ನೆಟ್ಟು, ಹಕ್ಕಿ ಬಂದಾಯ್ತು ಅನ್ನೋದು ಎಲ್ಲರಿಗೂ ಗೊತ್ತಿರೋ ಭಾಗ. ನನಗೆ ಇಷ್ಟವಾಗೋದು ನೀರಿನ ಭಾಗ. ಸುತ್ತ ಕಟ್ಟಡ ಎದ್ದಮೇಲೆ ಕೆರೆಗೆ ಮಳೆನೀರು ಬರೋ ದಾರಿಗಳು ತಪ್ಪಿಹೋಗಿದ್ದವು. ಆಗ ಅವರು ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ಸಂಸ್ಕರಣಾ ಘಟಕದಲ್ಲಿ, ಶುದ್ಧವಾದ ನೀರನ್ನ ಕೆರೆಗೆ ತಿರುಗಿಸಿಕೊಂಡರು. ಬಚ್ಚಲ ನೀರಿನಿಂದಲೇ ಹಾಳಾಗೋ ಕೆರೆ ಬಚ್ಚಲ ನೀರಿನಿಂದಲೇ ತುಂಬಿತು ಅಂದರೆ ಹೇಗಿದೆ ನೋಡಿ! ಜಕ್ಕೂರಿನಲ್ಲೂ ಅದೇ ಉಪಾಯ, ದೊಡ್ಡ ಪ್ರಮಾಣದಲ್ಲಿ. ಸಂಸ್ಕರಿಸಿದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾದು, ಅಲ್ಲಿ ಇನ್ನಷ್ಟು ತಿಳಿಯಾಗಿ ಆಮೇಲೆ ಕೆರೆ ಸೇರುತ್ತೆ.

ನಮ್ಮ ಷಡ್ಡಕರ ಮಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೇ ‘10,000 ಸರೋವರಗಳು’ ಅಂತ ಬರೆದಿರುತ್ತಂತೆ. ನಿಜವಾದ ಲೆಕ್ಕ ಹಿಡಿದರೆ ಹತ್ತೆಕರೆ ಮೀರಿದವು 11,842. ಸಾವಿರದ ಎಂಟುನೂರು ಚಿಲ್ಲರೆ ಕಮ್ಮಿ ಹೇಳ್ಕೊಂಡು ಓಡಾಡೋ ವಿನಯ ನಮ್ಮ ಬಿಲ್ಡರುಗಳಿಗೆ ಬರೋದುಂಟೆ? ಅಲ್ಲಿ ದಡದ ಮೇಲೆ ಮನೆ ಇದ್ದವರು ಸಂಘ ಕಟ್ಟಿಕೊಂಡಿರ್ತಾರೆ. ಲಾನಿಗೆ ರಂಜಕದ ಗೊಬ್ಬರ ಹಾಕೋದಕ್ಕೆ 2005ರಿಂದ ಇಡೀ ರಾಜ್ಯದಲ್ಲಿ ಕಡಿವಾಣ. ಹುಲ್ಲಿಗೆ ಹಾಕಿದ್ದು ಮಳೆಯಲ್ಲಿ ತೊಳೆದು ಕೆರೆಗೆ ಹೋಗಿ ಪಾಚಿ ಕಟ್ಟಿಸುತ್ತೆ ಅಂತ. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ನೀರಿನಂಚಿಂದ 35 ಅಡಿ ಗಿಡಗಂಟಿ ಬಿಡಬೇಕು, ಮನೆ 75 ಅಡಿ ಆಚೆ ಇರಬೇಕು. 75 ಅಂದಾಗ ನೆನಪಾಯ್ತು, ನಮ್ಮ ಹಸಿರು ನ್ಯಾಯಮಂಡಳಿಯೂ 2016ರಲ್ಲಿ 75 ಅಂತಲೇ ಹೇಳಿತ್ತು, ಅಡಿ ಅಲ್ಲ, ಮೀಟರು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಳ್ಳಿಹಾಕಿತು. ಆ ಮಧ್ಯದಲ್ಲಿ ಎಷ್ಟು ಬಿಲ್ಡರುಗಳಿಗೆ ನಿದ್ದೆ ಕೆಟ್ಟಿತ್ತೋ ಏನೋ.

ಮಿನ್ನೆಸೋಟದವರ ಇನ್ನೊಂದು ಪದ್ಧತಿ ಕೇಳಿ. ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿ ಒಯ್ಯೋ ಮುಂಚೆ ಅಂಟಿದ ಕಳೆ ಕೀಳಬೇಕು, ತಳದ ಬಿರಡೆ ತೆಗೆದು ನೀರೆಲ್ಲ ಬಸಿಯಬೇಕು, ಒಣಗಿಸಿದರೆ ಇನ್ನೂ ಒಳ್ಳೇದು. ಬಿರಡೆ ಹಾಕ್ಕೊಂಡೇ ರಸ್ತೆಯಲ್ಲಿ ಎಳೆದುಕೊಂಡು ಹೋದರೆ ದಂಡ. ಜೀಬ್ರಾ ಚಿಪ್ಪಿ ಅಂತ ಉಗುರಿನಷ್ಟು ಜೀವಿ, ಕೆರೆಯಿಂದ ಕೆರೆಗೆ ಹಬ್ಬಿ ಪೈಪುಗಳನ್ನೆಲ್ಲ ಕಟ್ಟಿಬಿಡುತ್ತೆ, ಅದಕ್ಕೇ ಇಷ್ಟು ಕಟ್ಟುಪಾಡು. ದೋಣಿಗೂ ಮಡಿ ಉಂಟು ಅಂತ ನಮ್ಮತ್ತೆಗೆ ಗೊತ್ತಾಗಿದ್ದರೆ ಅಮೆರಿಕದ ಮೇಲೆ ಗೌರವ ಹುಟ್ಟಿರೋದು. ನಮ್ಮಲ್ಲಿ? ಮನೆಯ ಗಾಜಿನ ತೊಟ್ಟಿಯ ಮೀನು ಬೇಜಾರಾದರೆ ‘ಪಾಪ, ಬದುಕಿಕೊಳ್ಳಲಿ’ ಅಂತ ಕೆರೆಗೆ ಬಿಟ್ಟು ಕೈ ಮುಗಿದು ಬರ್ತೀವಿ. ಕೆಂಪು ಕಿವಿಯ ವಿದೇಶಿ ಆಮೆ, ಕಸ ತಿನ್ನೋ ಸಕರ್ ಮೀನು ಎಲ್ಲ ಹಾಗೇ ಬಂದು ನೆಲೆ ಊರಿದ್ದು. ಬ್ರೆಡ್ಡು, ಮಂಡಕ್ಕಿ ಎರಚೋದು ಇನ್ನೊಂದು ಪುಣ್ಯ. ಮೀನು ತಿನ್ನದೇ ಬಿಟ್ಟದ್ದು ಅಲ್ಲೇ ಕೊಳೆತು ಪಾಚಿಗೆ ಔತಣ.

ಷಡ್ಡಕರ ಮಗ ಒಂದು ತಟ್ಟೆಯ ವಿಷಯವನ್ನೂ ಹೇಳಿದ. ಅಂಗೈಗಿಂತ ದೊಡ್ಡದು, ಕಪ್ಪು ಬಿಳಿ ಬಳಿದದ್ದು, ದಾರ ಕಟ್ಟಿ ನೀರಿಗೆ ಇಳಿಬಿಡೋದು. ಎಷ್ಟು ಆಳಕ್ಕೆ ಕಣ್ಮರೆಯಾಗುತ್ತೋ ಅಷ್ಟು ತಿಳಿ ಆ ನೀರು. ಬ್ಯಾಟರಿ ಇಲ್ಲ, ಆಪ್ ಇಲ್ಲ! ಆಂಜೆಲೊ ಸೆಕ್ಕಿ ಅನ್ನೋ ಇಟಲಿಯ ಪಾದ್ರಿ 1865ರಲ್ಲಿ ಪೋಪರ ಹಡಗಿನಿಂದ ಸಮುದ್ರಕ್ಕೆ ಇಂಥ ತಟ್ಟೆ ಇಳಿಬಿಟ್ಟು ನೋಡಿದ್ದನಂತೆ, ಅವನ ಹೆಸರೇ ಉಳಿದಿದೆ. ಸೂರ್ಯನನ್ನ, ನಕ್ಷತ್ರಗಳನ್ನ ನೋಡ್ತಿದ್ದ ಖಗೋಳಶಾಸ್ತ್ರಜ್ಞ ಕಣ್ರೀ ಅವನು, ತಟ್ಟೆ ಹಿಡ್ಕೊಂಡು ಕೆಳಗೆ ಬಗ್ಗಿದ್ದು ನೋಡಿ! ಈಗ ಮಿನ್ನೆಸೋಟದಲ್ಲಿ ರಿಟೈರಾದವರು ಬೇಸಿಗೆಯಿಡೀ ತಟ್ಟೆ ಇಳಿಬಿಟ್ಟು ಲೆಕ್ಕ ಬರೆದು ಸರ್ಕಾರಕ್ಕೆ ಕಳಿಸ್ತಾರೆ. ನಮ್ಮ ಬೆಳಗಿನ ವಾಕಿಂಗ್ ಗುಂಪು ಶುಗರ್, ಬಿಪಿ ಬರೆದಿಡೋ ಡೈರಿಯಲ್ಲಿ ಇನ್ನೊಂದು ಕಾಲಂ ಹಾಕಿಕೊಂಡರೆ ಆಯ್ತಪ್ಪ.

ವಾಕಿಂಗ್ ಅಂದರೆ ಮತ್ತೊಂದು. ಕೆರೆ ಅಭಿವೃದ್ಧಿ ಅಂದ ತಕ್ಷಣ ನಮ್ಮವರಿಗೆ ಬೇಕಾಗೋದು ಸುತ್ತ ಟೈಲ್ಸ್ ಹಾಕಿದ ದಾರಿ, ದೀಪ, ಬೆಂಚು, ಸೆಲ್ಫಿಗೊಂದು ಕಮಾನು. ಜೆಸಿಬಿ ಇಳಿಸಿ ನಡುವೆಯೂ ಅಷ್ಟೇ ಆಳ, ಅಂಚಿಗೂ ಅಷ್ಟೇ ಆಳ ತೋಡಿಸಿ, ಸುತ್ತ ಕಲ್ಲು ಕಟ್ಟಿ, ಕೆರೆಯನ್ನ ದೊಡ್ಡ ಬೋಗುಣಿ ಮಾಡಿಬಿಟ್ಟರೆ ಸಮಾಧಾನ. ಕಾಲೂರಿ ನಿಂತು ಮೀನು ಹಿಡಿಯೋ ಬಕಕ್ಕೆ ನಿಲ್ಲೋದಕ್ಕೆ ನೆಲೆ ಎಲ್ಲಿ? ಹಣೆ ಮೇಲೆ ಬಿಳಿ ನಾಮ ಎಳೆದುಕೊಂಡು ಓಡಾಡುತ್ತಲ್ಲ ನಾಮದ ಕೋಳಿ, ಅದು ಗೂಡು ಕಟ್ಟೋದು ಜೊಂಡಿನ ಮಧ್ಯೆ. ಅಸಹ್ಯ ಅಂತ ಜೊಂಡೆಲ್ಲ ಕಿತ್ತು ಹಾಕಿಸಿ, ಆಮೇಲೆ ಹಕ್ಕಿ ಬರ್ತಿಲ್ಲ ಅಂತ ವಾಟ್ಸಾಪಿನಲ್ಲಿ ಅಳೋದು. ಅಂಚಲ್ಲಿ ಒಂದಿಷ್ಟು ಹುಲ್ಲು, ಜೊಂಡು ಬಿಡಿ ಸ್ವಾಮಿ, ಮಣ್ಣೂ ಹಿಡಿಯುತ್ತೆ, ಕೊಳೆಯೂ ಸೋಸುತ್ತೆ. ಸುತ್ತ ಬೇಲಿ ಹಾಕಿ, ಗೇಟಿಗೆ ಟೈಮಿಂಗ್ ಬರೆಸಿದರೆ ಹುಲ್ಲು ಕೊಯ್ಯೋಕೆ ಬರೋಳು, ಬಲೆ ಬೀಸೋನು, ಎಮ್ಮೆ ಮೈ ತೊಳಿಸೋನು ಎಲ್ಲಿಗೆ ಹೋಗಬೇಕು? ನೋಟ ಕೊಂಡವರಿಗಿಂತ ಅವರೇ ಹಳೇ ಗಿರಾಕಿಗಳು. ಕದ್ದುಮುಚ್ಚಿ ರಾತ್ರಿ ಟ್ಯಾಂಕರ್ ಬಂದು ಕೊಳಚೆ ಸುರಿದು ಹೋದರೆ ಮೊದಲು ಸುಳಿವು ಸಿಗೋದೂ ಅವರಿಗೇ.

ಇಷ್ಟೆಲ್ಲ ಕೇಳಿದಮೇಲೆ ಜನ ‘ದುಡ್ಡೆಷ್ಟಾಗುತ್ತೆ?’ ಅಂತಾರೆ. ಕೆರೆಗೆ ಬಲಿಯಾದ ಜನಪದ ಹಾಡಿನ ಭಾಗೀರಥಿಯ ಥರ ಯಾರೂ ಕೆರೆಗೆ ಹಾರ ಆಗೋದು ಬೇಡ ಮಾರಾಯ್ರೇ, ಸ್ವಂತ ಎಸ್‌ಟಿಪಿ ನಿಲ್ಲದಂತೆ ನೋಡಿಕೊಂಡರೆ ಸಾಕು. ಅದರೊಳಗೆ ಕೊಳೆ ತಿನ್ನೋದು ಬ್ಯಾಕ್ಟೀರಿಯಾ, ಅವಕ್ಕೆ ಹಗಲೂ ರಾತ್ರಿ ಗಾಳಿ ಊದ್ತಾ ಇರಬೇಕು. ಕರೆಂಟ್ ಬಿಲ್ ಉಳಿಸೋಣ ಅಂತ ರಾತ್ರಿ ಬ್ಲೋವರ್ ಆಫ್ ಮಾಡಿದರೆ ಪಾಪದ ಜೀವಿಗಳು ಉಸಿರುಗಟ್ಟಿ ಸಾಯ್ತವೆ, ಬೆಳಿಗ್ಗೆ ಅರೆಬರೆ ನೀರು ರಾಜಕಾಲುವೆಗೆ. ಆ ಉಳಿತಾಯದ ವಾಸನೆಯೇ ಮಧ್ಯಾಹ್ನದ ಹೊತ್ತಿಗೆ ಬಾಲ್ಕನಿಗೆ ವಾಪಸ್ ಬರೋದು.

ಸಂಘದ ಸಭೆಗಳಲ್ಲಿ ನೋಡಿ, ಹೊಸ ವರ್ಷದ ಡಿಜೆಗೆ ದುಡ್ಡು ಎರಡು ನಿಮಿಷದಲ್ಲಿ ಪಾಸು. ಬ್ಲೋವರ್ ರಿಪೇರಿ ವಿಷಯ ಬಂದಾಗ ಮಾತ್ರ ಮೂರು ಕಡೆ ಕೊಟೇಷನ್ ತರಿಸಿ ಅನ್ನೋ ಆರ್ಥಿಕ ತಜ್ಞರು ಏಳ್ತಾರೆ. ಮುಂದಿನ ಸಲ ನೀವೊಂದು ಕೆಲಸ ಮಾಡಿ. ಸುಮ್ನೆ ಕೈ ಎತ್ತಿ, ಎಸ್‌ಟಿಪಿ ಲಾಗ್‌ಬುಕ್ ಒಂದ್ಸಲ ನೋಡಬಹುದಾ ಅಂತ ಕೇಳಿ. ಕೇಳಿದವರನ್ನೇ ಅಲ್ಲೇ ಕಾರ್ಯದರ್ಶಿ ಮಾಡಿಬಿಡೋ ಅಪಾಯ ಇದ್ದೇ ಇದೆ ಅನ್ನಿ. ಆದರೂ ಕೇಳಿ. ನಮ್ಮ ಬ್ಲಾಕಿನಲ್ಲಿ ಹಾಗೆ ಸಿಕ್ಕಿಬಿದ್ದವರು ಇಬ್ಬರಿದ್ದಾರೆ. ಈ ಸಲ ಮುಂಗಾರಿಗೆ ಮುಂಚೆ ರಾಜಕಾಲುವೆ ಉದ್ದಕ್ಕೂ ನಡೆದುಕೊಂಡು ಹೋಗಿ ನೋಡಿಬರ್ತಾರಂತೆ, ಜೊತೆಗೆ ಜನ ಬೇಕಂತೆ. ಗಮ್‌ಬೂಟ್ ಇದೆ ತಾನೆ ನಿಮ್ಮ ಹತ್ತಿರ?